ನಲ್ಲಿಯಲ್ಲಿ ಹಸಿರು ನೀರು ಬಂದ ಬೇಸಿಗೆ

ಚಂಡಮಾರುತ ಹೂಸ್ಟನ್ನನ್ನು ಹಾದುಹೋಗಿ ಮೂರು ದಿನವಾದರೂ ಅದರ ಹೊರವಲಯದ ಮಿಸೌರಿ ಸಿಟಿಯ ನಮ್ಮ ಬೀದಿಗೆ ಕರೆಂಟ್ ಬಂದಿರಲಿಲ್ಲ. ನಲ್ಲಿಯಲ್ಲಿ ನೀರೇನೋ ಸಣ್ಣಗೆ ಬರುತ್ತಿತ್ತು. ಆದರೆ ಕುದಿಸದೆ ಯಾರೂ ಕುಡಿಯಬೇಡಿ ಎಂದು ರೇಡಿಯೋದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಗ್ಯಾಸ್ ಒಲೆ ಇದ್ದದ್ದು ಪುಣ್ಯ. ಹಬ್ಬದ ಅಡುಗೆಗೆಂದು ಇಟ್ಟುಕೊಂಡಿದ್ದ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಆರಲು ಬಿಟ್ಟು, ಸಂಜೆ ಮುಚ್ಚಳ ತೆಗೆದೆ. ಕುದ್ದು ಆರಿದ ನೀರಿಗೆ ಒಂದು ಸಪ್ಪೆ ವಾಸನೆ ಇರುತ್ತದೆ, ಕಾದ ಪಾತ್ರೆಯದೂ ಸುಣ್ಣದ್ದೂ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಒಂಬತ್ತು ವರ್ಷ ಹಿಂದಕ್ಕೆ ಹೋಗಿ, ಐರ್ಲೆಂಡಿನ ಪಶ್ಚಿಮದ ಒಂದು ಪುಟ್ಟ ಊರಿನ ಅಡುಗೆಮನೆಯಲ್ಲಿ ನಿಂತಿದ್ದೆ.

ಆಗಲೇ ಡಲ್ಲಾಸಿನಲ್ಲಿ ಓದುತ್ತಿದ್ದ ಮಗಳು ಪೂರ್ವಿ ಫೋನ್ ಮಾಡಿದಳು. “ಅಮ್ಮ, ಆರ್ ಯೂ ಬಾಯ್ಲಿಂಗ್ ದ ವಾಟರ್?”

“ಕುದಿಸ್ತಿದೀನಿ ಕಣೆ.”

ಆ ಕಡೆ ನಕ್ಕಳು. “ಈಸ್ ಇಟ್ ಗ್ರೀನ್?”

ಅವಳಿಗೂ ಅದೇ ನೆನಪಾಗಿತ್ತು.

1999ರ ಬೇಸಿಗೆಯ ಮಾತು ಇದು. ಎಣ್ಣೆಯ ಬೆಲೆ ಬಿದ್ದುಹೋಗಿತ್ತು. ಹೂಸ್ಟನ್ನಿನ ಎನರ್ಜಿ ಕಾರಿಡಾರ್‌ನ ಎಣ್ಣೆ ಕಂಪನಿಗಳು ಒಂದಾದ ಮೇಲೊಂದು ಜನರನ್ನು ಮನೆಗೆ ಕಳಿಸುತ್ತಿದ್ದವು. ಹನ್ನೆರಡು ವರ್ಷ ಭೂಮಿಯೊಳಗಿನ ಕಲ್ಲಿನ ಪದರಗಳ ನಕ್ಷೆ ಓದಿಕೊಂಡಿದ್ದ ನನಗೂ ಒಂದು ಶುಕ್ರವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆ ಕೈಗಿತ್ತರು. ಮೊದಲ ತಿಂಗಳು ಕೆಲಸಕ್ಕೆ ಅರ್ಜಿ ಹಾಕಿದೆ. ಎರಡನೆಯ ತಿಂಗಳಿಂದ ಗ್ಯಾರೇಜ್ ಕ್ಲೀನ್ ಮಾಡುವುದು ಹಿಡಿದೆ. ಕನ್ನಡ ಸಂಘದ ಊಟಗಳಿಗೆ ಹೋಗುವುದು ಬಿಟ್ಟೆ. ಹೋದರೆ ಪ್ರತಿ ಆಂಟಿಯೂ ಹೋಳಿಗೆ ಬಡಿಸುತ್ತ, “ಏನಾದ್ರೂ ಆಯ್ತೇನಮ್ಮ ಇಂದಿರಾ?” ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಅದಕ್ಕೇ ಹೆಚ್ಚು ನೋಯುತ್ತಿತ್ತು.

ಪಕ್ಕದ ಮನೆಯ ನೋರಾ ಆಂಟಿಗೆ ಆಗ ಎಪ್ಪತ್ತು. ಹುಡುಗಿಯಾಗಿದ್ದಾಗ ಐರ್ಲೆಂಡಿನಿಂದ ಬಂದು, ಹೂಸ್ಟನ್ನಿನ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದವನನ್ನು ಮದುವೆಯಾಗಿ, ಅವನನ್ನು ಕಳೆದುಕೊಂಡು ಒಬ್ಬರೇ ಇದ್ದರು. ಮಗ ಕೆವಿನ್ ಆಸ್ಟಿನ್ನಿನಲ್ಲಿದ್ದ. ಆ ವರ್ಷ ಅವರ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ತವರಿನಲ್ಲಿ ಅಣ್ಣ ಮಾರ್ಟಿನ್ ಒಬ್ಬನೇ ಇದ್ದಾನೆ, ನೋಡಿ ಇಪ್ಪತ್ತೆರಡು ವರ್ಷವಾಯಿತು, ಈ ಬೇಸಿಗೆಗೆ ಹೋಗಲೇಬೇಕು ಎಂದು ಹಟ ಹಿಡಿದಿದ್ದರು. ಕೆವಿನ್‌ಗೆ ರಜೆ ಇರಲಿಲ್ಲ.

“ನಿನಗೆ ಕೆಲಸ ಇಲ್ಲ, ನನಗೆ ಮಂಡಿ ಇಲ್ಲ,” ಎಂದರು ಒಂದು ಬೆಳಿಗ್ಗೆ, ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು. “ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಹೆಂಗಸು ಆಗ್ತೀವಿ. ಜೊತೆಗೆ ಬಾ. ಮಗುವನ್ನೂ ಕರಕೊಂಡು ಬಾ.”

ಗಂಡ ಶ್ರೀನಾಥ್‌ಗೆ ಹೇಳಿದರೆ, “ಹೋಗ್ಬಾ ಮಾರಾಯ್ತಿ,” ಎಂದರು. “ಗ್ಯಾರೇಜಲ್ಲಿ ಇನ್ನೇನೂ ಉಳಿದಿಲ್ಲ ಒರೆಸೋಕೆ.”

ಹೀಗೆ ಜುಲೈ ಮೊದಲ ವಾರ, ಟಾರು ಕರಗುವ ಬಿಸಿಲಿನಲ್ಲಿ ಹೂಸ್ಟನ್ ಬಿಟ್ಟು, ಮಾರನೆಯ ದಿನ ಸ್ವೆಟರ್ ಹಾಕಿಕೊಂಡು ಆ ಊರಿನಲ್ಲಿ ಇಳಿದೆವು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಅಲ್ಲೇ ಇದ್ದಾರೆ. ಒಂದು ಚರ್ಚು, ಒಂದು ಶಾಲೆ, ಅಂಗಡಿಯೂ ಅಂಚೆಯೂ ಒಂದೇ ಆದ ಒಂದು ಕೋಣೆ, ಗುಡ್ಡದ ಇಳಿಜಾರಿನಲ್ಲಿ ಚದುರಿದ ನಲವತ್ತು ಮನೆಗಳು. ಹೊಲಕ್ಕೂ ಹೊಲಕ್ಕೂ ನಡುವೆ ಗಾರೆಯಿಲ್ಲದೆ ಪೇರಿಸಿದ ಬೂದು ಕಲ್ಲಿನ ಗೋಡೆ. ನೋಡಿದ ಕೂಡಲೇ ತಿಳಿಯಿತು, ಸುಣ್ಣಕಲ್ಲು. ಮಳೆನೀರು ಸಾವಿರಾರು ವರ್ಷ ಕೊರೆದು ಕೊರೆದು, ಈ ನೆಲದ ಒಳಗೆಲ್ಲ ತೂತು. ಒಂದು ಕಡೆ ತೊರೆ ಹರಿಯುತ್ತ ಹರಿಯುತ್ತ ನೆಲದೊಳಗೆ ಮಾಯವಾಗುತ್ತದೆ. ಮತ್ತೆಲ್ಲೋ ಒರತೆಯಾಗಿ ಮೇಲೆ ಬರುತ್ತದೆ. ನಡುವೆ ಎಲ್ಲಿ ಹೋಗಿತ್ತು ಎಂದು ಯಾರಿಗೂ ಗೊತ್ತಿಲ್ಲ.

ಮಾರ್ಟಿನ್ ಎಪ್ಪತ್ತಾರರ ಒಬ್ಬಂಟಿ, ಎತ್ತರದ ಆಳು. ತಲೆಯ ಟೋಪಿಯನ್ನು ಚರ್ಚಿನಲ್ಲಿ ಮಾತ್ರ ತೆಗೆಯುತ್ತಿದ್ದ. ಅವನಾಡಿದ್ದು ಇಂಗ್ಲಿಷೇ ಆದರೂ ನನ್ನ ಕಿವಿಯಲ್ಲಿ ಅದು ಉಳಿದಿರುವುದು ಹುಣಸೂರಿನ ಕಡೆಯ ನಮ್ಮ ದೊಡ್ಡಜ್ಜನ ಮಾತಿನ ಹಾಗೆ. ಹಾಗೇ ಬರೆಯುತ್ತೇನೆ. ತಂಗಿಯನ್ನು ಇಪ್ಪತ್ತೆರಡು ವರ್ಷದ ಮೇಲೆ ಕಂಡವನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. “ಬಂದ್ಯಾ? ಟೀ ಇಡ್ತೀನಿ ಇರು,” ಎಂದು ಒಳಗೆ ಹೋದ. ಹೋದವನು ಒಲೆಯ ಮುಂದೆ ಬಹಳ ಹೊತ್ತು ನಮಗೆ ಬೆನ್ನು ಹಾಕಿ ನಿಂತಿದ್ದ.

ಅಡುಗೆಮನೆಯ ನಲ್ಲಿಗೆ ದಾರ ಕಟ್ಟಿ ಒಂದು ಕಾರ್ಡು ತೂಗುಹಾಕಿದ್ದ. “ಕುದಿಸಿ ಕುಡಿ” ಎಂದು ದಪ್ಪ ಅಕ್ಷರ. ಕೇಳಿದರೆ ನಾಲ್ಕು ತಿಂಗಳಿಂದ ಹೀಗೇ ಎಂದ. ಊರಿನ ನೀರು ಊರಿನವರೇ ನಡೆಸುವ ವ್ಯವಸ್ಥೆ. ಗುಡ್ಡದ ಬುಡದ ಒರತೆಯಿಂದ ಒಂದು ಪಂಪು, ಅಲ್ಲಿಂದ ಎಲ್ಲ ಮನೆಗೂ ಕೊಳಾಯಿ. ಜೋರು ಮಳೆಯಾದ ಮಾರನೆಯ ದಿನ ಜನಕ್ಕೆ ಹೊಟ್ಟೆನೋವು, ಭೇದಿ. ಪರೀಕ್ಷೆ ಮಾಡಿದವರು ನೀರಿನಲ್ಲಿ ಹೊಲಸು ಸೇರುತ್ತಿದೆ ಎಂದರು. ಎಲ್ಲಿಂದ ಎಂದು ಹೇಳಲು ಅವರಿಗೂ ಆಗಲಿಲ್ಲ.

“ಎಲ್ಲಿಂದ ಅಂತ ನಂಗೊತ್ತು,” ಎಂದ ಮಾರ್ಟಿನ್. ಕಿಟಕಿಯಿಂದ ಮೇಲಿನ ಇಳಿಜಾರಿನ ಒಂದು ಹೊಸ ಬಿಳಿಯ ಮನೆ ತೋರಿಸಿದ. “ಹೋದ ವರ್ಷ ಕಟ್ಟಿದ್ದು. ಡಬ್ಲಿನ್ ಕಡೆಯೋರು. ಆ ಮನೆ ಸೆಪ್ಟಿಕ್ ಟ್ಯಾಂಕ್ ಬರೋ ಮುಂಚೆ ಈ ಊರಲ್ಲಿ ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲ ಕಣಮ್ಮ.”

ಆ ಮನೆಯವಳು ಓರ್ಲಾ. ಮೂವತ್ತೂ ಆಗಿರದ ನರ್ಸು. ಗಂಡ ವಾರಪೂರ್ತಿ ದೂರದ ಊರಿನ ಕೆಲಸದಲ್ಲಿ. ಅವಳನ್ನು ಮೊದಲು ಕಂಡದ್ದು ಅಂಗಡಿಯಲ್ಲಿ, ಕಂಕುಳಲ್ಲಿ ಮಗು. ಅವಳು ಒಳಗೆ ಬರುತ್ತಲೇ ಮಾತಾಡುತ್ತಿದ್ದ ನಾಲ್ಕು ಜನ ಬಾಯಿ ಮುಚ್ಚಿದರು. ಬ್ರೆಡ್ಡು, ಹಾಲು ತೆಗೆದುಕೊಂಡು ತಲೆ ತಗ್ಗಿಸಿ ಹೊರಟಳು. ನಾನೂ ಹಿಂದೆಯೇ ಹೊರಗೆ ಬಂದು, “ಮಗುವಿನ ಹೆಸರೇನು?” ಎಂದೆ. ಸುಮ್ಮನೆ ಕೇಳಿದ ಮಾತು.

“ಫಿನ್,” ಎಂದವಳ ಕಣ್ಣು ತುಂಬಿತು. “ಇಲ್ಲಿಗೆ ಬಂದು ಒಂದು ವರ್ಷವಾಯ್ತು. ಹೆಸರು ಕೇಳಿದವರಲ್ಲಿ ನೀವೇ ಮೊದಲು. ಮಾರ್ಚ್‌ನಲ್ಲಿ ಇವನನ್ನೇ ಆರು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆ. ಇದೇ ನೀರು ಕುಡಿದು. ನನ್ನ ಮಗುವಿಗೆ ನಾನೇ ವಿಷ ಹಾಕ್ತೀನಾ?”

ಅವತ್ತು ರಾತ್ರಿಯ ಊಟಕ್ಕೆ ಕುಳಿತಾಗ ಫಿನ್‌ನ ಆಸ್ಪತ್ರೆಯ ಕತೆ ಹೇಳಿ, ನಾನೇ ಮುಂದುವರಿಸಿದೆ: ನೆಲದೊಳಗಿನ ನೀರಿನ ದಾರಿ ಕಂಡುಹಿಡಿಯಲು ಒಂದು ಉಪಾಯವಿದೆ. ಒಂದು ಬಗೆಯ ಬಣ್ಣದ ಪುಡಿಯನ್ನು ಅನುಮಾನ ಬಂದ ಕಡೆ ಸುರಿಯುವುದು, ಒರತೆಯಲ್ಲಿ ಅದು ಬರುತ್ತದೋ ಎಂದು ಕಾಯುವುದು. ಜೀವಕ್ಕೆ ಏನೂ ತೊಂದರೆಯಿಲ್ಲ. ಮೈಸೂರಿನಲ್ಲಿ ಭೂವಿಜ್ಞಾನ ಓದುವಾಗ ಕಲಿತದ್ದು. ಎಣ್ಣೆಯ ಕೆಲಸಕ್ಕೆ ಸೇರಿದ ಮೇಲೆ ಮರೆತೇಹೋಗಿತ್ತು.

“ಮಾಡು ಹಂಗಾದ್ರೆ,” ಎಂದ ಮಾರ್ಟಿನ್. “ಆ ಬಿಳೀ ಮನೆ ಬಣ್ಣ ಬಯಲಾಗ್ಲಿ.”

ಹತ್ತಿರದ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ನೀರಿನ ಇಲಾಖೆಯ ಒಪ್ಪಿಗೆ ತಂದೆ. ಅಲ್ಲಿನ ಕಾಲೇಜಿನ ಹಿರಿಯ ಪ್ರೊಫೆಸರ್ ಒಬ್ಬರು ಸಂತೋಷದಿಂದ ಒಂದು ಡಬ್ಬಿ ಪುಡಿಯನ್ನೂ ಒಂದು ಪೆಟ್ಟಿಗೆ ಗಾಜಿನ ಸೀಸೆಗಳನ್ನೂ ಕೊಟ್ಟರು. ಡಬ್ಬಿಯಲ್ಲಿ ಇಟ್ಟಿಗೆಯ ಬಣ್ಣದ ಪುಡಿ. ನೀರು ತಗುಲಿದರೆ ಮಾತ್ರ ಹಸಿರು. ಊರಿನ ನೀರಿನ ಸಮಿತಿಗೆ ಒಂದೇ ಷರತ್ತು ಹಾಕಿದೆ. ಎಲ್ಲೆಲ್ಲಿ ಸುರಿಯುತ್ತೇನೆಂದು ಎಲ್ಲ ಮುಗಿಯುವವರೆಗೆ ನಮ್ಮ ಮನೆಯವರನ್ನೂ ಆ ಜಾಗದವರನ್ನೂ ಬಿಟ್ಟು ಯಾರಿಗೂ ಹೇಳುವುದಿಲ್ಲ. ಅವರು ಒಪ್ಪಿದರು. ಸೀರೆಯುಡುವ ದೂರದ ದೇಶದ ಹೆಂಗಸು ಸ್ವೆಟರ್ ಪ್ಯಾಂಟು ಹಾಕಿಕೊಂಡು ತಮ್ಮ ನೀರು ಶೋಧಿಸುವುದು ಅವರಿಗೂ ತಮಾಷೆಯಾಗಿತ್ತೆಂದು ಕಾಣುತ್ತದೆ.

ಮೊದಲು ಓರ್ಲಾಳ ಒಪ್ಪಿಗೆ ಪಡೆದು ಅವಳ ಟ್ಯಾಂಕಿಗೆ ಎರಡು ಚಮಚ ಸುರಿದೆ. ಆಮೇಲೆ ನನಗೂ ಪೂರ್ವಿಗೂ ದಿನಕ್ಕೆ ಆರು ಸಲ ಒರತೆಯ ಹತ್ತಿರ ಹೋಗಿ ಸೀಸೆ ತುಂಬುವ ಕೆಲಸ. ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು, ಬಿಸಿಲಿನಲ್ಲಿಯೂ ಬರುತ್ತಿತ್ತು. ಒಂಬತ್ತು ವರ್ಷದ ಪೂರ್ವಿ ಹೂಸ್ಟನ್ನಿನಲ್ಲಿ ಕಾರಿನಿಂದ ಮನೆಗೆ ನಡೆಯಲೂ ಗೊಣಗುತ್ತಿದ್ದವಳು ಇಲ್ಲಿ ಮಂಡಿವರೆಗೆ ಕೆಸರು ಮಾಡಿಕೊಂಡು ಓಡಾಡಿದಳು. ಬೇರೆ ಹೊತ್ತೆಲ್ಲ ಮಾರ್ಟಿನ್‌ನ ಹಿಂದೆ. ಅವನ ಹದಿನಾಲ್ಕು ಹಸುಗಳ ಹೆಸರೂ ಕಲಿತಳು. ಒಣಗಿಸಲು ಹುಲ್ಲು ಕೊಯ್ಯುವ ದಿನ ಅವನು ಅವಳನ್ನು ಟ್ರ್ಯಾಕ್ಟರ್ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಆಕಾಶ ನೋಡುವುದು ಕಲಿಸಿದ. ಪಡುವಣದ ಗುಡ್ಡ ಹತ್ತಿರ ಬಂದಂತೆ ಕಂಡರೆ ಮಳೆ, ದೂರ ಸರಿದಂತೆ ಕಂಡರೆ ಹುಲ್ಲು ಕೊಯ್ಯಬಹುದು.

ಹತ್ತು ದಿನ ಕಾದೆವು. ನಡುವೆ ಎರಡು ಸಲ ಜೋರು ಮಳೆಯಾದರೂ ಒರತೆಯ ನೀರು ತಿಳಿಯಾಗಿಯೇ ಇತ್ತು. ಓರ್ಲಾಳ ಮನೆಯ ನೀರು ಆ ಕಡೆಗೆ ಹರಿಯುವುದೇ ಇಲ್ಲ ಎಂದು ನನಗನ್ನಿಸಿತು. ಆದರೆ ಮಾರ್ಟಿನ್ ಒಪ್ಪಲಿಲ್ಲ.

“ನಿನ್ನ ಪುಡಿ ಹಳೇದು. ಇಲ್ಲಾ ಕಮ್ಮಿ ಹಾಕಿದೀಯ.”

“ಇನ್ನೂ ಬೇರೆ ಕಡೆ ಹಾಕಿ ನೋಡ್ಬೇಕು ಮಾರ್ಟಿನ್. ಎಲ್ಲ ಕೊಟ್ಟಿಗೆಗಳ ಹತ್ತಿರ.”

“ಹಂಗಾದ್ರೆ ನಮ್ಮನೇದ್ರಿಂದ್ಲೇ ಶುರು ಮಾಡು. ಉಂಡ ಮನೇನ ಬಿಟ್ಟಳು ಅಂತ ನಾಳೆ ಯಾರೂ ಅನ್ನಬಾರದು. ಈ ಸಲ ಕೈ ಬಿಚ್ಚಿ ಹಾಕು.”

ಅವನ ಕೊಟ್ಟಿಗೆಯ ಹಿಂದೆ ಒಂದು ತಗ್ಗು. ಅವನ ಅಜ್ಜನ ಕಾಲದಿಂದ ಹಸುಗಳ ಗಂಜಲ, ಸಗಣಿ ತೊಳೆದ ನೀರು ಅಲ್ಲಿಗೇ ಹೋಗುತ್ತಿತ್ತು. ತಗ್ಗಿನ ನಡುವೆ ಕಲ್ಲಿನ ಸಂದಿಯಲ್ಲಿ ಅದು ಇಂಗಿಹೋಗುತ್ತಿತ್ತು. ಒಂದು ಸಂಜೆ ಮಾರ್ಟಿನ್, ನೋರಾ ಆಂಟಿ, ಪೂರ್ವಿಯ ಎದುರಿಗೆ ಹತ್ತು ಚಮಚ ಪುಡಿ ಸುರಿದು ಎರಡು ಬಕೆಟ್ ನೀರು ಹುಯ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಷ್ಟೊಂದು ಸುರಿಯುವವಳು ಮೊದಲು ಪಂಪು ನಿಲ್ಲಿಸಲು ಹೇಳಬೇಕಿತ್ತು. ಮೊದಲ ಸಲ ಏನೂ ಆಗಿರಲಿಲ್ಲವಲ್ಲ, ಈ ಸಲವೂ ದಿನಗಟ್ಟಲೆ ಕಾಯಬೇಕು ಎಂದುಕೊಂಡಿದ್ದೆ. ಅವತ್ತು ಜೋರು ಮಳೆಯಾಯಿತು.

ಬೆಳಿಗ್ಗೆ ಪೂರ್ವಿ ಬಾಯಿ ತುಂಬ ಟೂತ್‌ಪೇಸ್ಟ್ ಇಟ್ಟುಕೊಂಡು ಕಿರುಚಿದಳು. ಓಡಿಹೋದೆ. ಬಚ್ಚಲ ಬೇಸಿನ್ನಿನಲ್ಲಿ ಗಿಣಿಹಸಿರು ನೀರು. ಅಡುಗೆಮನೆಗೆ ಓಡಿದರೆ ಮಾರ್ಟಿನ್ ಕೆಟಲ್ ಹಿಡಿದು ನಲ್ಲಿಯ ಮುಂದೆ ನಿಂತಿದ್ದ. ಕೆಟಲ್ ತುಂಬಿ, ಉಕ್ಕಿ, ಅವನ ತೋಳಿನ ಮೇಲೆ ಹಸಿರು ನೀರು ಹರಿಯುತ್ತಿತ್ತು. ಅವನು ನಲ್ಲಿ ನಿಲ್ಲಿಸಲಿಲ್ಲ. ನಾನೇ ಹೋಗಿ ನಿಲ್ಲಿಸಿದೆ. ಕೆಟಲನ್ನು ಮೆಲ್ಲಗೆ ಕೆಳಗಿಟ್ಟು, ಕೋಲು ತೆಗೆದುಕೊಂಡು ಹುಲ್ಲಿನ ಹೊಲದ ಕಡೆ ನಡೆದುಬಿಟ್ಟ.

ಮನೆಯಲ್ಲಿ ಯಾವತ್ತೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಪೂರ್ವಿ, ಅವತ್ತು ನೋರಾ ಆಂಟಿಯ ಮುಖ ನೋಡಿ, ನನ್ನ ಕೈ ಹಿಡಿದು ಪಿಸುಗುಟ್ಟಿದಳು. “ಅಮ್ಮ, ಇದು ಮಾರ್ಟಿನ್ ತಾತನ ಹಸುಗಳದ್ದಾ? ತಾತನಿಗೆ ಎಲ್ರೂ ಬೈತಾರಾ?” ಅವಳ ಬಾಯಿಂದ ಅಷ್ಟುದ್ದದ ಕನ್ನಡ ಕೇಳಿದ್ದು ಅದೇ ಮೊದಲು.

ಅಂಗಡಿಗೆ ಹೋಗುವಷ್ಟರಲ್ಲಿ ಊರೆಲ್ಲ ಬೀದಿಯಲ್ಲಿತ್ತು. ಯಾರದೋ ಬಿಳಿಯ ಅಂಗಿಗಳು ಹಸಿರಾಗಿದ್ದವು. ಪಾದ್ರಿಗಳು ಬೋಳುತಲೆಯ ಮೇಲೆ ಹಸಿರು ಛಾಯೆ ಹೊತ್ತು ಬಂದಿದ್ದರು. ಮೊದಲು ನಗು. ಆಮೇಲೆ ಅಂಗಡಿಯವನು, “ಇನ್ನೇನು ಬೇಕು? ಸಾಕ್ಷಿ ಸಿಕ್ತಲ್ಲ. ಆ ಮೇಲಿನ ಮನೆ,” ಎಂದ. ನಾನು ಕೊನೆಗೆ ಎಲ್ಲಿ ಸುರಿದೆನೆಂದು ನಮ್ಮ ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲವಲ್ಲ, ಎಲ್ಲರೂ ಮೊದಲೇ ನಂಬಿದ್ದನ್ನು ಈಗ ನೋಡಿದಂತೆ ಆಡಿದರು. ಸಂಜೆ ಏಳಕ್ಕೆ ಶಾಲೆಯಲ್ಲಿ ಸಭೆ ಎಂದಾಯಿತು. ನಾನು ಸಭೆಯಲ್ಲೇ ಹೇಳುತ್ತೇನೆಂದಷ್ಟೇ ಅಂದು, ನೇರ ಓರ್ಲಾಳ ಮನೆಗೆ ಹೋದೆ. ಯಾರೋ ಅವಳ ಹೊಸಿಲಿಗೆ ಒಂದು ಬಕೆಟ್ ಹಸಿರು ನೀರು ಹುಯ್ದು ಹೋಗಿದ್ದರು. ಅವಳು ಮಂಡಿಯೂರಿ ಬ್ರಶ್ ಹಿಡಿದು ಉಜ್ಜುತ್ತಿದ್ದಳು.

“ನಿಮ್ಮನೇದಲ್ಲ ಓರ್ಲಾ,” ಎಂದೆ. “ಖಂಡಿತ ಅಲ್ಲ. ಸಂಜೆ ಸಭೆಗೆ ಬನ್ನಿ.”

“ಯಾರದು?”

“ಸಂಜೆ ಬನ್ನಿ.”

ವಾಪಸ್ಸು ಬರುವಾಗ ನೋರಾ ಆಂಟಿ ಗೇಟಿನ ಹತ್ತಿರ ಊರುಗೋಲು ಹಿಡಿದು ಕಾಯುತ್ತಿದ್ದರು. ಎರಡೂ ಕೈಯಿಂದ ನನ್ನ ಕೈ ಹಿಡಿದರು.

“ಇಂದಿರಾ, ನನ್ನ ಮಗಳ ಹಾಗೆ ನೀನು. ಇನ್ನು ಮೂರು ವಾರಕ್ಕೆ ಹೊರಟುಹೋಗ್ತೀಯ. ಬಣ್ಣದ ಲೆಕ್ಕ ತಪ್ಪಿತು, ಎಲ್ಲಿಂದ ಬಂತೋ ಗೊತ್ತಾಗಲಿಲ್ಲ ಅಂದುಬಿಡು. ನಾವು ಮೆಲ್ಲಗೆ ಆ ತಗ್ಗು ಮುಚ್ಚಿಸ್ತೀವಿ. ಅವನಿಗೆ ಎಪ್ಪತ್ತಾರು. ಹೆಂಡತಿ ಮಕ್ಕಳಿಲ್ಲ. ಈ ಊರಲ್ಲಿ ಅವನ ಹೆಸರು ಬಿಟ್ಟು ಅವನಿಗೆ ಬೇರೇನಿದೆ?” ಸ್ವಲ್ಪ ತಡೆದು, “ನನಗೂ ಅಷ್ಟೇ. ನಾನು ಹೂಸ್ಟನ್ನಿಗೆ ವಾಪಸ್ಸು ಬರಬೇಕು ಅಂತ ಇಲ್ಲ. ಇಲ್ಲೇ ಉಳಿಯೋಣ ಅಂತ ಬಂದೆ. ಯಾವ ಮುಖ ಇಟ್ಟುಕೊಂಡು ಉಳೀಲಿ?”

ಅದು ನನಗೆ ಗೊತ್ತಿರಲಿಲ್ಲ. ಮೂರು ವಾರ ಆ ಮನೆಯ ಅನ್ನ ಉಂಡಿದ್ದೆ. ನನ್ನನ್ನು ಗ್ಯಾರೇಜಿನಿಂದ ಎಬ್ಬಿಸಿ ಕರೆತಂದವರು ಈಕೆ. ಆದರೆ ಹೊಸಿಲು ಉಜ್ಜುತ್ತಿದ್ದ ಓರ್ಲಾಳ ಕೆಂಪು ಕೈಗಳು ಕಣ್ಣಿಂದ ಹೋಗಲಿಲ್ಲ.

“ಆಗಲ್ಲ ಆಂಟಿ,” ಎಂದೆ. ಅವರು ನನ್ನ ಕೈ ಬಿಟ್ಟರು.

ಮಾರ್ಟಿನ್ ಹೊಲದಲ್ಲಿ ಮಳೆಗೆ ನೆನೆದ ಹುಲ್ಲನ್ನು ಕವೆಗೋಲಿನಿಂದ ತಿರುವಿಹಾಕುತ್ತಿದ್ದ. ನಾನು ಹೋಗಿ ಎದುರು ನಿಂತೆ.

“ಮಾರ್ಟಿನ್, ಸಂಜೆ ಸಭೇಲಿ ನಾನು ನಿಜ ಹೇಳ್ಬೇಕು. ಬೇರೆಯೋರಿಗೆ ಹೇಳೋ ಮುಂಚೆ ನಿಮಗೆ ಹೇಳೋಣ ಅಂತ ಬಂದೆ.”

ಅವನು ಹುಲ್ಲು ತಿರುವುವುದನ್ನು ನಿಲ್ಲಿಸಲಿಲ್ಲ. ಸಾಲಿನ ಕೊನೆಗೆ ಹೋಗಿ, ತಿರುಗಿ, ನನ್ನವರೆಗೂ ಬಂದ.

“ನಮ್ಮಜ್ಜ ಅಲ್ಲೇ ಬಿಡ್ತಿದ್ದ, ನಮ್ಮಪ್ಪ ಅಲ್ಲೇ ಬಿಡ್ತಿದ್ದ.”

“ಅವರಿಗೆ ಎಷ್ಟು ಹಸು ಇತ್ತು?”

“ಮೂರು. ಹದಿನಾಲ್ಕು ಆಗಿದ್ದು ಹೋದ ವರ್ಷ.” ಕವೆಗೋಲನ್ನು ನೆಲಕ್ಕೆ ಊರಿದ. “ಆ ಮಗು ಆಸ್ಪತ್ರೇಲಿ ಎಷ್ಟು ದಿನ ಇತ್ತು ಅಂದೆ?”

“ಆರು ದಿನ.”

“ಹೋಗು. ನನ್ನ ಕೆಲಸ ಮುಗೀಲಿ,” ಎಂದ.

ರಾತ್ರಿ ಹತ್ತಕ್ಕೆ ಕತ್ತಲಾಗುವ ಆ ಊರಿನಲ್ಲಿ ಸಂಜೆ ಏಳಕ್ಕೆ ಬಿಸಿಲು ಇನ್ನೂ ನೆತ್ತಿಯ ಮೇಲಿದ್ದಂತಿತ್ತು. ಶಾಲೆಯ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಊರಿನ ದೊಡ್ಡವರೆಲ್ಲ ಮಂಡಿ ಮಡಚಿ ಕುಳಿತಿದ್ದರು. ಓರ್ಲಾ ಹಿಂದಿನ ಸಾಲಿನಲ್ಲಿ, ಸುದ್ದಿ ಕೇಳಿ ಊರಿಗೆ ಬಂದು ಮಗುವನ್ನು ಎತ್ತಿಕೊಂಡಿದ್ದ ಗಂಡನ ಜೊತೆ ಕುಳಿತಿದ್ದಳು. ಅವರ ಎರಡು ಕಡೆಯ ಕುರ್ಚಿಗಳೂ ಖಾಲಿ. ಮಾರ್ಟಿನ್ ಬಂದಿರಲಿಲ್ಲ. ಸಮಿತಿಯ ಅಧ್ಯಕ್ಷರು ನನ್ನ ಹೆಸರು ಕರೆದರು. ನಾನು ಎದ್ದೆ. ಸೀಸೆಗಳ ಪೆಟ್ಟಿಗೆ ಬಿಚ್ಚತೊಡಗಿದೆ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮಾರ್ಟಿನ್ ಹೊಲದ ಬಟ್ಟೆಯಲ್ಲೇ ಬಂದಿದ್ದ. ತಲೆಯ ಟೋಪಿ ಕೈಯಲ್ಲಿತ್ತು. ಬೋಳಾದ ಬಿಳಿಯ ನೆತ್ತಿ, ಅದರ ಕೆಳಗೆ ಬಿಸಿಲಿಗೆ ಸುಟ್ಟ ಮುಖ.

“ಕೂತ್ಕೊ ಇಂದಿರಾ,” ಎಂದ. ಆಮೇಲೆ ಊರಿನ ಕಡೆ ತಿರುಗಿದ. “ಬಣ್ಣ ಸುರಿದಿದ್ದು ನನ್ನ ಕೊಟ್ಟಿಗೆ ಹಿಂದೆ. ನಾನೇ ನಿಂತು ಹಾಕಿಸ್ದೆ. ಮೇಲಿನ ಮನೇಲೂ ಹಾಕಿದ್ಲು, ಹತ್ತು ದಿನ ಕಾದ್ಲು, ಒಂದು ಹನಿ ಬರಲಿಲ್ಲ. ನಂದು ಒಂದು ರಾತ್ರೀಲಿ ಬಂತು. ನಿಮ್ಮ ಹೊಟ್ಟೆ ಕೆಡಿಸಿದ್ದು ನನ್ನ ಹಸುಗಳು.”

ಅವನು ಕುರ್ಚಿಗಳ ನಡುವೆ ನಡೆದು ಹಿಂದಿನ ಸಾಲಿಗೆ ಹೋದ.

“ತಾಯೀ, ನಿನ್ನ ಮೇಲೆ ಮೊದಲು ಬೆರಳು ತೋರಿಸಿದವನು ನಾನು. ತಪ್ಪಾಯ್ತು.” ಮಗುವನ್ನು ನೋಡಿದ. “ಇವನ ಹೆಸರು ಫಿನ್ ಅಂತೆ.”

ಓರ್ಲಾ ಕ್ಷಮಿಸಿದೆ ಎಂದು ಅನ್ನಲಿಲ್ಲ. ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಿದ್ದ ತನ್ನ ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮಾರ್ಟಿನ್ ಆ ಪುಟ್ಟ ಕುರ್ಚಿಯಲ್ಲಿ ಕುಳಿತ.

ಆಮೇಲೆ ಎಲ್ಲ ಸಲೀಸಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಮಾರ್ಟಿನ್‌ನನ್ನು ಬೈದರು. ಇನ್ನು ಕೆಲವರು, ದೊಡ್ಡ ದನಿಯಲ್ಲಿ ಓರ್ಲಾಳನ್ನು ಬೈದಿದ್ದವರು, ಅವಳ ಮುಖ ನೋಡಲಾರದೆ ದಾರಿ ಬದಲಿಸಿದರು. ನೋರಾ ಆಂಟಿ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ನನ್ನ ತಟ್ಟೆಗೆ ಬಡಿಸುತ್ತಿದ್ದರು, ಕಣ್ಣೆತ್ತುತ್ತಿರಲಿಲ್ಲ. ಹೂಸ್ಟನ್ನಿಗೆ ಫೋನ್ ಮಾಡಿ ಶ್ರೀನಾಥ್ ಹತ್ತಿರ ಅತ್ತೆ. “ಟಿಕೆಟ್ ಚೇಂಜ್ ಮಾಡಿಸ್ಲಾ? ಬೇಗ ಬಂದ್ಬಿಡ್ತೀರಾ?” ಎಂದರು. ಬೇಡ ಎಂದೆ.

ಬೇಗ ಹೊರಡದಿದ್ದದ್ದು ಒಳ್ಳೆಯದಾಯಿತು. ಐದನೆಯ ಬೆಳಿಗ್ಗೆ ಅಂಗಳದಲ್ಲಿ ಗದ್ದಲ. ಕಿಟಕಿಯಿಂದ ನೋಡಿದರೆ ಎರಡು ಟ್ರ್ಯಾಕ್ಟರು, ಒಂದು ಸಿಮೆಂಟ್ ಕಲಸುವ ಯಂತ್ರ, ಗುದ್ದಲಿ ಹಿಡಿದ ಹತ್ತು ಹನ್ನೆರಡು ಜನ. ಅಂಗಡಿಯವನೂ ಇದ್ದ. ತಗ್ಗಿಗೆ ಹೋಗುವ ದಾರಿ ಮುಚ್ಚಿ, ಕೊಟ್ಟಿಗೆಯ ಈಚೆ ಗಟ್ಟಿ ತಳದ ದೊಡ್ಡ ತೊಟ್ಟಿ ಕಟ್ಟಬೇಕೆಂದು ಅವರವರೇ ಮಾತಾಡಿಕೊಂಡು ಬಂದಿದ್ದರು. ಮಾರ್ಟಿನ್ ಬೇಡವೆಂದರೂ ಕೇಳಲಿಲ್ಲ. ಅವನೂ ಅವರವರ ಹುಲ್ಲು ಕೊಯ್ಲಿಗೆ ಹೋಗಿ ದುಡಿದವನಂತೆ. ಈ ಪದ್ಧತಿಗೆ ಅವರ ಭಾಷೆಯಲ್ಲಿ ಒಂದು ಹೆಸರಿದೆ ಎಂದು ನೋರಾ ಆಂಟಿ ಹಿಂದಿನಿಂದ ಹೇಳಿದರು. ನಾಲ್ಕು ದಿನದ ಮೇಲೆ ಅವರಾಡಿದ ಮೊದಲ ಮಾತು.

“ನಮ್ಮಲ್ಲೂ ಇದೆ ಆಂಟಿ. ಮುಯ್ಯಾಳು ಅಂತೀವಿ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು.”

“ಮುಯ್ಯಾಳು,” ಎಂದು ಹೇಳಿ ನೋಡಿದರು. ಆಮೇಲೆ, “ಅಷ್ಟು ಜನಕ್ಕೆ ಊಟ ಬೇಕಲ್ಲ. ಆಲೂಗಡ್ಡೆ ಸಿಪ್ಪೆ ತೆಗಿ ಬಾ,” ಎಂದರು.

ಆ ದಿನ ಆಲೂಗಡ್ಡೆಗೆ ನಾನು ಒಗ್ಗರಣೆ ಹಾಕಿದೆ. ಹೂಸ್ಟನ್ನಿನಿಂದ ತಂದಿದ್ದ ಸಾಸಿವೆ, ಅರಿಶಿನ, ಒಣಮೆಣಸಿನಕಾಯಿ ಎಲ್ಲ ಖಾಲಿ. ಒಬ್ಬೊಬ್ಬರು ಮೂರು ಮೂರು ಸಲ ಹಾಕಿಸಿಕೊಂಡರು. ಮೂಗು ಒರೆಸಿಕೊಳ್ಳುತ್ತಲೇ ಹಾಕಿಸಿಕೊಂಡರು. ಮಧ್ಯಾಹ್ನ ಓರ್ಲಾಳ ಗಂಡ ಗುದ್ದಲಿ ಹಿಡಿದು ಬಂದ. ಹಿಂದೆಯೇ ಓರ್ಲಾ, ಮಗುವನ್ನು ನೋರಾ ಆಂಟಿಯ ಮಡಿಲಿಗೆ ಹಾಕಿ, ನನ್ನ ಪಕ್ಕ ನಿಂತು ತಟ್ಟೆ ತೊಳೆದಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ತೊಟ್ಟಿ ಎಂಟು ದಿನದಲ್ಲಿ ಮುಗಿಯಿತು. ನಾವು ಹೊರಡುವ ಮುಂಚೆ ಎರಡು ಸಲ ಜೋರು ಮಳೆಯಾಯಿತು. ಎರಡು ಸಲವೂ ಇಲಾಖೆಯವರು ಒರತೆಯ ನೀರು ಪರೀಕ್ಷಿಸಿ ಶುದ್ಧವಾಗಿದೆ ಎಂದರು. ಮಾರ್ಟಿನ್ ನಲ್ಲಿಯ ಕಾರ್ಡನ್ನು ಬಿಚ್ಚಿ ಒಲೆಗೆ ಹಾಕಿದ. ವಿಮಾನ ನಿಲ್ದಾಣದ ಬಸ್ಸಿಗೆ ನಾನೂ ಪೂರ್ವಿಯೂ ಇಬ್ಬರೇ ಹತ್ತಿದೆವು. ನೋರಾ ಆಂಟಿ ಅಲ್ಲೇ ಉಳಿದರು. ಮಿಸೌರಿ ಸಿಟಿಯ ಅವರ ಮನೆಯನ್ನು ಆಮೇಲೆ ಕೆವಿನ್ ಬಂದು ಖಾಲಿ ಮಾಡಿದ. ಓರ್ಲಾ ವಾರಕ್ಕೆರಡು ಸಲ ಬಂದು ಅವರ ಮಂಡಿಗೆ ವ್ಯಾಯಾಮ ಮಾಡಿಸುತ್ತಾಳೆ ಎಂದು ಕ್ರಿಸ್‌ಮಸ್ಸಿಗೆ ಬಂದ ಕಾಗದದಲ್ಲಿ ಬರೆದಿದ್ದರು.

ಸೆಪ್ಟೆಂಬರಿನಲ್ಲಿ ಹಳೆಯ ಕಂಪನಿ ವಾಪಸ್ಸು ಕರೆಯಿತು. ಎಣ್ಣೆಯ ಬೆಲೆ ಏರಿತ್ತು. ಅದೇ ವಾರ ಆಸ್ಟಿನ್ನಿನ ಅಂತರ್ಜಲದ ಕಚೇರಿಯೊಂದರಲ್ಲಿ ಒಂದು ಕೆಲಸ ಖಾಲಿ ಇರುವುದನ್ನು ಪೇಪರಿನಲ್ಲಿ ನೋಡಿದೆ. ಆಸ್ಟಿನ್ನಿನ ಪಡುವಣದ ಗುಡ್ಡಗಳೂ ಸುಣ್ಣಕಲ್ಲೇ. ಅಲ್ಲಿನ ಒರತೆಗಳಿಗೂ ಎಲ್ಲಿಂದಲೋ ಹೊಲಸು ಸೇರುತ್ತಿತ್ತು. ಸಂಬಳ ಅರ್ಧ, ವಾರದಲ್ಲಿ ನಾಲ್ಕು ದಿನ ಅಲ್ಲೇ ಇರಬೇಕು. ಶ್ರೀನಾಥ್ ಎರಡು ದಿನ ಯೋಚನೆ ಮಾಡಿದರು. “ನಾಲ್ಕು ದಿನ ನಾನು ಸಾರು ಮಾಡ್ತೀನಿ. ಪೂರ್ವಿ ತಿಂದ್ರೆ ಅವಳ ಅದೃಷ್ಟ,” ಎಂದರು ಕೊನೆಗೆ.

ಆಸ್ಟಿನ್ನಿನ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನನ್ನನ್ನು ಒಬ್ಬ ದನದ ಜಮೀನಿನವನ ಹತ್ತಿರ ಕಳಿಸಿದರು. ಅವನು ಹಿಂದೆ ಬಂದ ಇಬ್ಬರು ಅಧಿಕಾರಿಗಳನ್ನು ಗೇಟಿನಿಂದಲೇ ಅಟ್ಟಿದ್ದನಂತೆ. ಟೆಕ್ಸಾಸಿನ ಬಿಸಿಲು, ಮೈಲಿಗಟ್ಟಲೆ ಮುಳ್ಳುತಂತಿ, ಬೀಗ ಹಾಕಿದ ಗೇಟು. ಆಚೆ ಬದಿಗೆ ಅವನು, ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ನಾನು ಬಂದ ಕೆಲಸ ಹೇಳಿದೆ.

“ಆ ನೀರು ಕೆಡಿಸ್ತಿರೋದು ನನ್ನ ಜಮೀನೇ ಅಂತ ಬಂದ್ರೆ? ಪೇಪರಿಗೆ ಹಾಕಿಸ್ತೀರಾ? ಕೋರ್ಟಿಗೆ ಎಳೀತೀರಾ?”

“ಮುಂದೆ ಏನಾಗುತ್ತೋ ನಾನು ಹೇಳಲಾರೆ. ಮುಚ್ಚಿಡೋದೂ ಇಲ್ಲ,” ಎಂದೆ. “ಆದರೆ ಬೇರೆ ಯಾರಿಗಾದರೂ ಹೇಳೋ ಮುಂಚೆ ಇಲ್ಲಿಗೆ ಬಂದು ನಿಮ್ಮ ಎದುರು ನಿಂತು ಹೇಳ್ತೀನಿ. ಸರಿಮಾಡೋ ಕೆಲಸಕ್ಕೂ ಬರ್ತೀನಿ.”

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಜೇಬಿನಿಂದ ಬೀಗದಕೈ ತೆಗೆಯಲು ಬಹಳ ಹೊತ್ತು ತೆಗೆದುಕೊಂಡ.

“ಹುಲ್ಲಲ್ಲಿ ಹಾವಿವೆ,” ಎಂದ ಗೇಟು ತಳ್ಳುತ್ತ. “ನನ್ನ ಹಿಂದೇನೇ ಬನ್ನಿ.”